ಎಸ್ಟೇಟ್ ಸೇಲಲ್ಲಿ ತಂದ ಸೀಡರ್ ಪೆಟ್ಟಿಗೆ, ಅದರಲ್ಲಿ ಮೈಸೂರ್ ಸಿಲ್ಕ್ ಇಡಬಹುದಾ?

ಓದುಗರ ಪ್ರಶ್ನೆ: ಸರ್ ನಮಸ್ಕಾರ. ನಮ್ಮೂರು ಮೈಸೂರು, ಈಗ ಇರೋದು ಅಮೆರಿಕದ ಓಹಾಯೋದಲ್ಲಿ. ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ತೀರ್ಕೊಂಡ ಮೇಲೆ ಅವರ ಮನೆ ಸಾಮಾನೆಲ್ಲ ಎಸ್ಟೇಟ್ ಸೇಲಿಗೆ ಇಟ್ಟಿದ್ರು, ಅಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆನ 140 ಡಾಲರ್ ಕೊಟ್ಟು ತಗೊಂಡು ಬಂದೆ. ಮುಚ್ಚಳ ತೆಗೆದ್ರೆ ಒಳಗೆಲ್ಲ ಕೆಂಪು ಮರ, ಘಮ್ ಅಂತ ವಾಸನೆ. ಇದು ಹೋಪ್ ಚೆಸ್ಟ್, ಅಂದ್ರೆ ಹುಡುಗೀರು ಮದುವೆಗೆ ಅಂತ ಬಟ್ಟೆಬರೆ ಕೂಡಿಡೋ ಪೆಟ್ಟಿಗೆ, ಕೈಯಲ್ಲೇ ಮಾಡಿದ್ದು, ನೂರು ವರ್ಷದ ಆಂಟೀಕ್ ಅಂದ್ರು ಮಾರಿದೋರು. ಒಳಗೆ ಲೇನ್ ಅಂತ ಹೆಸರಿದೆ, ತಳದಲ್ಲಿ 166150 ಅಂತ ನಂಬರ್ ಇದೆ. ನನ್ನ ಮದುವೆ ಸೀರೆ, ಅಮ್ಮ ಮತ್ತೆ ಅತ್ತೆ ಕೊಟ್ಟ ಮೈಸೂರ್ ಸಿಲ್ಕ್ ಎಲ್ಲ ಸೇರಿ ಹದಿನಾಲ್ಕು ಸೀರೆ ಇದರಲ್ಲಿಟ್ಟು ಮುಂದೆ ಮಗಳಿಗೆ ಕೊಡೋಣ ಅಂತ ಆಸೆ. ಸೀಡರ್ ಪೆಟ್ಟಿಗೆಗೆ ಹುಳನೇ ಬರಲ್ವಂತೆ, ನಿಜಾನಾ? ಅಮ್ಮ ಫೋನಲ್ಲಿ ಕೇಳಿದ್ದೇ "ಸತ್ತೋರ ಮದುವೆ ಪೆಟ್ಟಿಗೆ ಮನೆಗೆ ಯಾಕೆ ತಂದ್ಯೇ, ಅಪಶಕುನ" ಅಂತಿದ್ದಾರೆ. ನಮ್ಮೆಜಮಾನ್ರು ಹೊರಗಡೆ ಮಾಸಿದೆ, ಮೆಷಿನ್ನಲ್ಲಿ ಉಜ್ಜಿ ಹೊಸದಾಗಿ ಪಾಲಿಶ್ ಹೊಡೆಯೋಣ ಅಂತಾರೆ. ಮಗಳಿಗೆ 15 ವರ್ಷ, ಅವಳು ನೆಟ್ಟಲ್ಲಿ ನೋಡಿ "ಇದು ಗಂಡು ಬರ್ಲಿ ಅಂತ ಕಾಯೋ ಹುಡುಗೀರ ಪೆಟ್ಟಿಗೆ, ನಂಗೆ ಬೇಡ" ಅಂದ್ಬಿಟ್ಲು. ಆರು ವರ್ಷದ ಮಗನಿಗೆ ಮಾತ್ರ ತುಂಬ ಇಷ್ಟ ಆಗಿದೆ, ಕಣ್ಣಾಮುಚ್ಚಾಲೆ ಆಡುವಾಗ ಅದರೊಳಗೇ ಹೋಗಿ ಕೂತ್ಕೋತಾನೆ.

ಉತ್ತರ: ನಮಸ್ಕಾರ ಮೇಡಂ. ನೀವು ಸೀರೆ ಬಗ್ಗೆ, ಪಾಲಿಶ್ ಬಗ್ಗೆ, ಶಕುನದ ಬಗ್ಗೆ ಕೇಳಿದೀರ, ಎಲ್ಲಾದಕ್ಕೂ ಬರ್ತೀನಿ. ಆದ್ರೆ ನನ್ನ ಎದೆ ಧಸಕ್ ಅಂದಿದ್ದು ನಿಮ್ಮ ಕೊನೇ ಸಾಲು ಓದಿ. ದಯವಿಟ್ಟು ಈಗಲೇ ಎದ್ದು ಹೋಗಿ ಒಂದು ಸ್ಕ್ರೂಡ್ರೈವರ್ ತಗೊಂಡು ಆ ಪೆಟ್ಟಿಗೆ ಬೀಗ ಬಿಚ್ಚಿ ಬನ್ನಿ, ಉಳಿದಿದ್ದು ಆಮೇಲೆ ಓದಿದ್ರೂ ನಡೆಯತ್ತೆ.

1912ರಿಂದ 1987ರವರೆಗೆ ಲೇನ್ ಕಂಪನಿಯ ಸೀಡರ್ ಪೆಟ್ಟಿಗೆಗಳಿಗೆ ಮುಚ್ಚಳ ಬಿದ್ದ ತಕ್ಷಣ ತಾನಾಗೇ ಕಚ್ಕೊಳ್ಳೋ ಬೀಗ ಇರ್ತಿತ್ತು. ಹೊರಗಿಂದ ಗುಂಡಿ ಒತ್ತಿದ್ರೆ ತೆರೆಯತ್ತೆ, ಒಳಗಿಂದ ಎಷ್ಟು ಒದ್ರೂ ತೆರೆಯಲ್ಲ. ಇನ್ನೊಂದು ವಿಷಯ, ಸೀಡರ್ ವಾಸನೆ ಹೊರಗೆ ಹೋಗಬಾರದು ಅಂತ ಮುಚ್ಚಳ ಬಿಗಿಯಾಗಿ ಕೂರೋ ಹಾಗೆ ಮಾಡಿರ್ತಾರೆ, ಹಂಗಾಗಿ ಗಾಳೀನೂ ಹೋಗಲ್ಲ, ಕೂಗಿದ್ರೂ ಆಚೆ ರೂಮಿಗೆ ಕೇಳಲ್ಲ. ಒಳಗೆ ಸಿಕ್ಕಾಕ್ಕೊಂಡು ಉಸಿರು ಕಟ್ಟಿ ಮಕ್ಕಳು ತೀರಿಕೊಂಡ ಮೇಲೆ 1996ರಲ್ಲಿ ಅಮೆರಿಕದ ಕನ್ಸ್ಯೂಮರ್ ಪ್ರಾಡಕ್ಟ್ ಸೇಫ್ಟಿ ಕಮಿಷನ್ ಅನ್ನೋ ಸರ್ಕಾರಿ ಸಂಸ್ಥೆ ಜೊತೆ ಸೇರಿ ಕಂಪನಿ 1 ಕೋಟಿ 20 ಲಕ್ಷ ಪೆಟ್ಟಿಗೆಗಳ ಬೀಗ ರೀಕಾಲ್ ಮಾಡ್ತು, ಬದಲಿ ಬೀಗ ಪುಕ್ಕಟೆ ಕೊಡ್ತೀವಿ ಅಂತು. ಆದ್ರೆ ಈ ಪೆಟ್ಟಿಗೆಗಳು ಅಜ್ಜಿಯಿಂದ ಮೊಮ್ಮಗಳಿಗೆ, ಅಲ್ಲಿಂದ ಎಸ್ಟೇಟ್ ಸೇಲಿಗೆ, ಅಲ್ಲಿಂದ ಇನ್ಯಾರ ಮನೆಗೋ ಹೋಗ್ತಾನೇ ಇರತ್ವೆ, ಸುದ್ದಿ ಮಾತ್ರ ಅದರ ಜೊತೆ ಹೋಗಲ್ಲ. 2014ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಫ್ರಾಂಕ್ಲಿನ್ ಅನ್ನೋ ಊರಲ್ಲಿ ಒಂದೇ ಮನೆಯ ಅಕ್ಕ ತಮ್ಮ, ಎರಡು ಮಕ್ಕಳು ಇಂಥದ್ದೇ ಪೆಟ್ಟಿಗೆಯೊಳಗೆ ಸಿಕ್ಕಾಕ್ಕೊಂಡು ತೀರಿಕೊಂಡ್ರು. ಇದನ್ನ ನಿಮ್ಮನ್ನ ಹೆದರಿಸೋಕೆ ಬರೀತಿಲ್ಲ, ನಿಮ್ಮ ಮಗ ದಿನಾ ಅದರೊಳಗೇ ಕೂರ್ತಾನೆ ಅಂದ್ರಲ್ಲ, ಅದಕ್ಕೆ.

ಕಂಪನಿ ಎಷ್ಟೋ ಸಲ ಕೈ ಬದಲಾಗಿದೆ, ಬದಲಿ ಬೀಗಕ್ಕೆ ಅಂತ ಕಾಯ್ಕೊಂಡು ಕೂರಬೇಡಿ. ಮುಚ್ಚಳ ಎತ್ತಿ ಹಿಡ್ಕೊಳ್ಳೋಕೆ ಯಜಮಾನ್ರಿಗೆ ಹೇಳಿ, ಮುಂದಿನ ಹಲಗೆ ಒಳಮೈಯಲ್ಲಿ ಮೇಲ್ಗಡೆ ಮತ್ತೆ ಮುಚ್ಚಳದ ಒಳಗಡೆ ಅದರ ಎದುರಿಗೇ ಲೋಹದ ತುಂಡುಗಳು ಕಾಣ್ತಾವೆ, ಸ್ಕ್ರೂ ಬಿಚ್ಚಿದ್ರೆ ಎರಡೂ ಕೈಗೆ ಬರತ್ತೆ, ಹತ್ತು ನಿಮಿಷದ ಕೆಲಸ. ಆಮೇಲೆ ಮುಚ್ಚಳ ಹಾಕಿ ಬರೀ ಕೈಯಲ್ಲಿ ಎತ್ತಿ ನೋಡಿ, ಎಲ್ಲೂ ಕಚ್ಚಬಾರದು. ಬಿಚ್ಚಿದ ಬೀಗ ಬಿಸಾಡಬೇಡಿ, ಒಂದು ಕವರಿಗೆ ಹಾಕಿ ಬೇರೆ ಕಡೆ ಇಡಿ, ಹಳೇ ಸಾಮಾನಿನ ಯಾವ ತುಂಡನ್ನೂ ಕಳೀಬಾರದು ಅನ್ನೋದು ನಮ್ಮ ಕಸುಬಿನ ನಿಯಮ. ಇನ್ನು ಮುಚ್ಚಳ ಭಾರ ಇದ್ದು ದಢ್ ಅಂತ ಬೀಳೋದಾದ್ರೆ ನಿಧಾನಕ್ಕೆ ಇಳಿಸೋ ಸಪೋರ್ಟು ಹಾರ್ಡ್‌ವೇರ್ ಅಂಗಡೀಲಿ ಸಿಗತ್ತೆ, ಹಾಕ್ಸಿ. ಬೀಗ ಇಲ್ಲದಿದ್ರೂ ಒಳಗೆ ಕೂತು ಮುಚ್ಚಳ ಹಾಕ್ಕೊಳ್ಳೋ ಆಟ ಬೇಡ ಅಂತ ಮಗನಿಗೂ ಅವನ ಸ್ನೇಹಿತರಿಗೂ ಹೇಳಿಡಿ, ಮೇಲೆ ಯಾರಾದ್ರೂ ಕೂತ್ಬಿಟ್ರೆ ಮತ್ತೆ ಅದೇ ಕಥೆ.

ಬಿಚ್ಚಿ ಬಂದ್ರಾ? ಈಗ ನಿಧಾನವಾಗಿ ಮಾತಾಡೋಣ.

ಮೊದಲು ಆ ನೂರು ವರ್ಷದ ಆಂಟೀಕ್ ವಿಚಾರ. ತಳದ ನಂಬರನ್ನ ಹಿಂದಿನಿಂದ ಮುಂದಕ್ಕೆ ಓದಿ. 166150 ತಿರುಗಿಸಿದ್ರೆ 051661, ಅಂದ್ರೆ ಅಮೆರಿಕದೋರು ಬರೆಯೋ ಹಾಗೆ ಮೊದಲು ತಿಂಗಳು ಆಮೇಲೆ ದಿನ, 1961ನೇ ಇಸವಿ ಮೇ 16. ಲೇನ್ ಪೆಟ್ಟಿಗೆಗಳ ಮೇಲೆ ತಯಾರಾದ ದಿನಾನ ಹೀಗೇ ಉಲ್ಟಾ ಹೊಡೀತಿದ್ರು. ಹಂಗಾಗಿ ನಿಮ್ಮ ಪೆಟ್ಟಿಗೆಗೆ ನೂರು ಆಗಿಲ್ಲ, ಅರವತ್ತರ ಮೇಲೆ ಆಗಿದೆ ಅಷ್ಟೇ. ಕೈಯಲ್ಲಿ ಮಾಡಿದ್ದೂ ಅಲ್ಲ. ವರ್ಜೀನಿಯಾದ ಆಲ್ಟವಿಸ್ಟಾ ಅನ್ನೋ ಸಣ್ಣ ಊರಲ್ಲಿ 1912ರಲ್ಲಿ ಲೇನ್ ಅನ್ನೋ ಅಪ್ಪ ಮಗ ಶುರು ಮಾಡಿದ ಕಾರ್ಖಾನೆ ಅದು. ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಮದ್ದುಗುಂಡು ತುಂಬೋ ಪೈನ್ ಮರದ ಪೆಟ್ಟಿಗೆ ಮಾಡಿಕೊಟ್ರು, ಒಂದೇ ಅಳತೆ ಪೆಟ್ಟಿಗೆನ ಸಾಲಾಗಿ ಸರಸರ ಮಾಡೋ ಪದ್ಧತಿ ಆಗ ಕೈಗೆ ಹತ್ತಿತು, ಯುದ್ಧ ಮುಗಿದ ಮೇಲೆ ಅದೇ ಪದ್ಧತೀಲಿ ಸೀಡರ್ ಪೆಟ್ಟಿಗೆ ಮಾಡೋಕೆ ಶುರು ಮಾಡಿದ್ರು. 1 ಕೋಟಿ 20 ಲಕ್ಷ ಅನ್ನೋ ರೀಕಾಲ್ ಸಂಖ್ಯೆ ನೋಡಿದ್ರೇ ಗೊತ್ತಾಗತ್ತಲ್ಲ ಎಷ್ಟು ಮಾಡಿದಾರೆ ಅಂತ. ಇನ್ನೊಂದು ಕಾಕತಾಳೀಯ ಹೇಳ್ತೀನಿ ಕೇಳಿ, ನಿಮ್ಮ ಸೀರೆಗಳ ತವರು, ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆನ ನಾಲ್ವಡಿಯವರು ಶುರು ಮಾಡಿಸಿದ್ದೂ 1912ರಲ್ಲೇ.

ಕೈಯಲ್ಲಿ ಮಾಡಿದ್ದು ಯಾವುದು ಅಂತ ಗೊತ್ತಾಗೋದು ಹೇಗೆ ಅಂದ್ರೆ ಮೂಲೆ ನೋಡಬೇಕು. ಒಳ್ಳೇ ಬಡಗಿ ಎರಡು ಹಲಗೇನ ಪಾರಿವಾಳದ ಬಾಲದ ಹಾಗೆ ಕತ್ತರಿಸಿ ಒಂದರೊಳಗೊಂದು ಕೂರಿಸಿರ್ತಾನೆ, ಡವ್‌ಟೇಲ್ ಅಂತೀವಿ ಅದನ್ನ. ಕೈಯದ್ದಾದ್ರೆ ಒಂದು ಬಾಲ ಅಗಲ ಇನ್ನೊಂದು ಸಣ್ಣ, ಉಳಿಗೆ ಗುರುತಿಗೆ ಅಂತ ಗೀಚಿದ ಗೆರೆ ಹಂಗೇ ಉಳಿದಿರತ್ತೆ. ಮೆಷಿನ್ನಿದಾದ್ರೆ ಎಲ್ಲ ಅಚ್ಚು ಹಾಕಿದ ಹಾಗೆ. ಇನ್ನೂ ಹಳೇದು, ಬಡವರ ಮನೇದು ಆದ್ರೆ ಆರೇ ಆರು ಹಲಗೆ, ಮೊಳೆ ಹೊಡೆದು ಮುಗಿಸಿರ್ತಾರೆ, ಪಕ್ಕದ ಹಲಗೇನೇ ಕೆಳಗೆ ಇಳಿದು ಕಾಲಾಗಿರತ್ತೆ. ತಳ ತಡವಿ ನೋಡಿದ್ರೆ ಉಜ್ಜುಗೊರಡು ಹೋದ ಅಲೆ ಅಲೆ ಬೆರಳಿಗೆ ಸಿಗತ್ತೆ, ಯಾಕಂದ್ರೆ ಕಾಣದ ಕಡೆ ನುಣುಪು ಮಾಡೋ ಪುರುಸೊತ್ತು ಯಾರಿಗಿತ್ತು. ನಾನು ಸಾಗರದಲ್ಲಿ ಅಪ್ಪನ ಹತ್ರ ಕೆಲಸ ಕಲಿತೋನು, ಪೆನ್ಸಿಲ್ವೇನಿಯಾಕ್ಕೆ ಬಂದು ಹಳೇ ಮರದ ಸಾಮಾನು ರಿಪೇರಿ ಮಾಡ್ತಾ ಇಪ್ಪತ್ತೆರಡು ವರ್ಷ ಆಯ್ತು, ಇವತ್ತಿಗೂ ಯಾವ ಪೆಟ್ಟಿಗೆ ಬಂದ್ರೂ ಮೊದಲು ಅಂಗಾತ ಮಲಗಿಸಿ ತಳ ತಡವ್ತೀನಿ.

ಈಗ ನಿಮ್ಮ ಅಮ್ಮನೋರ ಮಾತಿಗೂ ಮಗಳ ಮಾತಿಗೂ ಒಟ್ಟಿಗೇ ಬರ್ತೀನಿ, ಯಾಕಂದ್ರೆ ಇಬ್ಬರೂ ಹೇಳ್ತಿರೋದರ ಬೇರು ಒಂದೇ, ಇದು ಬರೀ ಮದುವೆ ಪೆಟ್ಟಿಗೆ ಅಂತ. ಅರ್ಧ ನಿಜ ಅದು. ನಮ್ಮ ಕಡೆ ಬಳುವಳಿ ಅಂತೀವಲ್ಲ, ತವರಿಂದ ಮಗಳ ಜೊತೆ ಹೋಗೋ ಸಾಮಾನು, ಅದನ್ನ ತುಂಬೋ ಪೆಟ್ಟಿಗೆ ಎಷ್ಟೋ ದೇಶದಲ್ಲಿ ಇತ್ತು. 15ನೇ ಶತಮಾನದಲ್ಲಿ ಇಟಲಿಯ ಫ್ಲಾರೆನ್ಸಲ್ಲಿ ಶ್ರೀಮಂತರ ಮನೆ ಮದುವೆಗೆ ಕಸ್ಸೋನೆ ಅಂತ ಜೋಡಿ ಪೆಟ್ಟಿಗೆ ಮಾಡಿಸಿ ಮುಂಭಾಗಕ್ಕೆ ಪೇಂಟರುಗಳ ಕೈಯಲ್ಲಿ ಯುದ್ಧದ್ದೋ ಹಳೇ ರೋಮಿನ ಕಥೇದೋ ಚಿತ್ರ ಬರೆಸಿ, ಊರಿಗೆಲ್ಲ ಕಾಣೋ ಹಾಗೆ ಹುಡುಗಿ ಮನೆಯಿಂದ ಗಂಡನ ಮನೆಗೆ ಮೆರವಣಿಗೇಲಿ ಒಯ್ತಿದ್ರು. ಅದೆಲ್ಲ ಅಂತಸ್ತು ತೋರಿಸೋ ಪೆಟ್ಟಿಗೆ. ಆಮೇಲಿನೋರು ಎಷ್ಟೋ ಪೆಟ್ಟಿಗೆ ಒಡೆದು ಮುಂದಿನ ಹಲಗೆ ಮಾತ್ರ ಕಿತ್ತು ಗೋಡೆಗೆ ಚಿತ್ರ ಅಂತ ನೇತು ಹಾಕಿದ್ರು, ಮ್ಯೂಸಿಯಂಗಳಲ್ಲಿ ಉದ್ದುದ್ದ ಚಿತ್ರ ಕಾಣ್ತಾವಲ್ಲ, ಅದರಲ್ಲಿ ಸುಮಾರು ಹಿಂಗೇ ಬಂದಿರೋದು, ನನಗಂತೂ ಅದನ್ನ ನೋಡಿದಾಗೆಲ್ಲ ಹೊಟ್ಟೆ ಉರಿಯತ್ತೆ.

ನನಗೆ ಹೆಚ್ಚು ಇಷ್ಟ ಆಗೋದು ಅಮೆರಿಕಕ್ಕೆ ವಲಸೆ ಬಂದ ರೈತರ ಪೆಟ್ಟಿಗೆಗಳು. ನಾರ್ವೆಯಿಂದ ಬಂದೋರು ಹೂಬಳ್ಳಿ ಬರೆದ ಪೆಟ್ಟಿಗೇಲೇ ಬಟ್ಟೆ ರೊಟ್ಟಿ ಎಲ್ಲ ತುಂಬ್ಕೊಂಡು ಹಡಗು ಹತ್ತಿದ್ರು, ಅಯೋವಾದ ಡೆಕೋರಾದಲ್ಲಿ ವೆಸ್ಟರ್‌ಹೈಮ್ ಅಂತ ಅವರದ್ದೇ ಮ್ಯೂಸಿಯಂ ಇದೆ, ಹೋದಾಗ ನೋಡಿ. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಜರ್ಮನ್ ಮಾತಾಡೋ ರೈತರು 18ನೇ ಶತಮಾನದಲ್ಲಿ ಟ್ಯುಲಿಪ್ ಪಾಪ್ಲರ್ ಅಥವಾ ಪೈನ್ ಹಲಗೇಲಿ ಪೆಟ್ಟಿಗೆ ಮಾಡಿ ಟ್ಯುಲಿಪ್ ಹೂವು, ಹಕ್ಕಿ, ಹೃದಯ, ಒಂಟಿ ಕೊಂಬಿನ ಕುದುರೆ ಎಲ್ಲ ಬರೆದು, ಎದುರಿಗೇ ದೊಡ್ಡದಾಗಿ ಹೆಸರು ಇಸವಿ ಹಾಕ್ತಿದ್ರು. ನಿಮ್ಮ ಮಗಳಿಗೆ ಇದನ್ನ ಖಂಡಿತ ಹೇಳಿ, ಅವರು ಈ ಪೆಟ್ಟಿಗೇನ ಹೆಣ್ಣು ಮಕ್ಕಳಿಗೆ ಮಾತ್ರ ಅಲ್ಲ, ಗಂಡು ಮಕ್ಕಳಿಗೂ ಕೊಡ್ತಿದ್ರು. ಬೆಳೆದ ಮಗುಗೆ ಅವರದ್ದೇ ಅಂತ ಒಂದು ಜಾಗ, ಅದರಲ್ಲಿ ಅವರ ಬಟ್ಟೆ ಅವರ ಕಾಗದ ಪತ್ರ. ಮನೆ ತುಂಬ ಜನ, ಎಲ್ಲರಿಗೂ ಒಂದೇ ಕೋಣೆ ಇರೋ ಕಾಲದಲ್ಲಿ ಮುಚ್ಚಳ ಹಾಕ್ಕೊಳ್ಳೋಕೆ ಆಗೋ ಒಂದು ಪೆಟ್ಟಿಗೆ ಇತ್ತು ಅಂದ್ರೆ ಅದು ಸಣ್ಣ ಮಾತಲ್ಲ.

ಹೆಣ್ಣು ಮಕ್ಕಳ ವಿಷಯಕ್ಕೆ ಬಂದ್ರೆ ಇನ್ನೂ ಒಂದು ಎಳೆ ಇದೆ. ಅಮೆರಿಕದಲ್ಲೂ ನಡೀತಿದ್ದ ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆ ಆದ ತಕ್ಷಣ ಹೆಂಡತಿ ತಂದ ಸಾಮಾನೆಲ್ಲ ಗಂಡಂದು, ಜಮೀನು ಸಾಮಾನ್ಯವಾಗಿ ಗಂಡು ಮಕ್ಕಳಿಗೆ. ನ್ಯೂಯಾರ್ಕಲ್ಲಿ ಗಂಡನ ಹಿಡಿತದಿಂದ ಹೆಂಡತಿ ಆಸ್ತಿ ಬಿಡಿಸೋ ಕಾನೂನು ಬಂದಿದ್ದೇ 1848ರಲ್ಲಿ. ಅಂಥ ಕಾಲದಲ್ಲೇ ಕನೆಕ್ಟಿಕಟ್ ನದಿ ಕಣಿವೆಯ ಹಳ್ಳಿಗಳಲ್ಲಿ, ಹೆಚ್ಚೂಕಮ್ಮಿ 1680ರಿಂದ 1740ರವರೆಗೆ, ಹ್ಯಾಡ್ಲಿ ಪೆಟ್ಟಿಗೆ ಅಂತ ಹೆಸರಾಗಿರೋ ಓಕ್ ಪೆಟ್ಟಿಗೆ ಮಾಡ್ತಿದ್ರು, ಮುಂದೆಲ್ಲ ಎಲೆ ಹೂವಿನ ಕೆತ್ತನೆ, ಮಧ್ಯದಲ್ಲಿ ಹುಡುಗಿಯ ಹೆಸರಿನ ಮೊದಲಕ್ಷರ. ಗಂಡನ ಮನೆ ಹೆಸರಲ್ಲ, ತವರಿನ ಹೆಸರು. ಅದೇ ಊರಿನ ಕಡೆಯದ್ದೊಂದು ಕಪಾಟು ಮಿಶಿಗನ್ನಿನ ಡಿಯರ್‌ಬಾರ್ನಲ್ಲಿ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಲ್ಲಿದೆ, 1715ರ ಸುಮಾರಿಂದು, ಓಹಾಯೋದಿಂದ ನಿಮಗೆ ದೂರ ಏನಲ್ಲ. ಅದರ ಎದೆ ಮೇಲೆ ಈ ಕಡೆಯಿಂದ ಆ ಕಡೆವರೆಗೆ ಹ್ಯಾನಾ ಬರ್ನಾರ್ಡ್ ಅಂತ ಪೂರ್ತಿ ಹೆಸರು ಬರೆದಿದೆ. ಕಾನೂನು ಏನಾದ್ರೂ ಹೇಳ್ಕೊಳ್ಳಲಿ, ಇದು ನಂದು ಅಂತ ಮರದ ಮೇಲೆ ಬರೆಸಿದ್ಲು ಆ ಹುಡುಗಿ. ನಮ್ಮಲ್ಲಿ ಸ್ತ್ರೀಧನ ಅನ್ನೋ ಮಾತಿದೆಯಲ್ಲ, ಚಾಲುಕ್ಯರ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರ ಅನ್ನೋ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದಾಗ ಆ ಸ್ತ್ರೀಧನದ ಅರ್ಥಾನ ಸಾಕಷ್ಟು ಅಗಲ ಮಾಡಿದ. ಬೇರೆ ಬೇರೆ ನೆಲ, ಬೇರೆ ಬೇರೆ ಕಾಲ, ಆದ್ರೂ ಹೆಣ್ಣಿಗೆ ಅಂತ ಎತ್ತಿಡೋ ಪಾಲಿನ ಪ್ರಶ್ನೆ ಒಂದೇ.

ಒಂದು ಪೆಟ್ಟಿಗೆ ಕಥೆ ಹೇಳ್ಲೇಬೇಕು. ಕೆಲವು ವರ್ಷದ ಹಿಂದೆ ಹತ್ತಿರದ ಹಳ್ಳಿಯಿಂದ ಒಂದು ಪೈನ್ ಪೆಟ್ಟಿಗೆ ನನ್ನ ಹತ್ರ ರಿಪೇರಿಗೆ ಬಂತು, ಹಿಂಜಸ್ಸು ಕಿತ್ತಿತ್ತು. ಇಂಥ ಹಳೇ ಪೆಟ್ಟಿಗೇಲಿ ಒಳಗೆ ಎಡಗಡೆ ಮೇಲ್ಗಡೆ ಒಂದು ಸಣ್ಣ ಖಾನೆ ಇರತ್ತೆ, ಸೂಜಿ ದಾರ, ಚಿಲ್ಲರೆ, ಕಾಗದ ಇಡೋಕೆ, ಅದಕ್ಕೆ ಅದರದ್ದೇ ಪುಟ್ಟ ಮುಚ್ಚಳ, ಆ ಪುಟ್ಟ ಮುಚ್ಚಳ ಎತ್ತಿ ನಿಲ್ಲಿಸಿದ್ರೆ ದೊಡ್ಡ ಮುಚ್ಚಳಕ್ಕೆ ಅದೇ ಊರುಗೋಲು. ಎತ್ತಿ ಎತ್ತಿ ಅದರ ಅಂಚು ಹೆಬ್ಬೆರಳಿನ ಅಗಲಕ್ಕೆ ಸವೆದು ಗುಳಿ ಬಿದ್ದಿತ್ತು. ತಿರುಗಿಸಿ ನೋಡಿದ್ರೆ ಒಳಮೈಯಲ್ಲಿ ಪೆನ್ಸಿಲ್ಲಲ್ಲಿ ಲೆಕ್ಕ ಬರೆದಿದೆ, ಹೊದಿಕೆ, ದಿಂಬಿನ ಚೀಲ, ಟವಲು, ಒಂದೊಂದರ ಮುಂದೆ ಅಡ್ಡ ಗೀಟು, ಐದು ಆದ್ಮೇಲೆ ಒಂದು ಓರೆ ಗೀಟು. ಹೊದಿಕೆ ಮುಂದೆ ಮೂರು ಗೀಟಿಗೆ ನಿಂತುಹೋಗಿತ್ತು. ನಮ್ಮ ಉತ್ತರ ಕರ್ನಾಟಕದ ಕಡೆ ಹೆಂಗಸರು ಹಳೇ ಸೀರೆ ಕೂಡಿಸಿ ಕೌದಿ ಹೊಲೀತಾರಲ್ಲ, ಆ ಥರ ಇಲ್ಲಿನ ಹುಡುಗೀರು ವರ್ಷಗಟ್ಟಲೆ ಹೊಲಿದು ಹೊಲಿದು ತುಂಬಿಸ್ತಿದ್ರು. ಪೆಟ್ಟಿಗೆ ಮಾಡಿದ ಬಡಗಿ ಕೆಲಸ ಎರಡು ವಾರದ್ದಿರಬಹುದು, ಅದರೊಳಗಿನ ಹೆಂಗಸಿನ ಕೆಲಸ ಎಷ್ಟೋ ವರ್ಷದ್ದು. ಆ ಮುಚ್ಚಳಕ್ಕೆ ನಾನು ಒಂದು ಒದ್ದೆ ಬಟ್ಟೆ ಕೂಡ ತಾಗಿಸ್ಲಿಲ್ಲ.

ಗಂಡು ಬರ್ಲಿ ಅಂತ ಕಾಯೋ ಪೆಟ್ಟಿಗೆ ಅನ್ನೋ ಬಣ್ಣ ದಟ್ಟವಾಗಿ ಹತ್ತಿದ್ದು ಕಾರ್ಖಾನೆ ಕಾಲದಲ್ಲಿ. ಹೈಸ್ಕೂಲ್ ಮುಗಿಸೋ ಹುಡುಗೀರಿಗೆ ಲೇನ್‌ನೋರು ಅಂಗಡಿಗಳ ಮೂಲಕ ಅಂಗೈಯಗಲದ ಪುಟಾಣಿ ಸೀಡರ್ ಪೆಟ್ಟಿಗೆ ಪುಕ್ಕಟೆ ಕೊಡಿಸ್ತಿದ್ರು, ದೊಡ್ಡದನ್ನ ಆಮೇಲೆ ಕೊಳ್ಳಲಿ ಅಂತ. ಎರಡನೇ ಮಹಾಯುದ್ಧದ ಟೈಮಲ್ಲಿ ಹುಡುಗ ಸೈನ್ಯಕ್ಕೆ ಹೋಗಿದಾನೆ ಹುಡುಗಿ ಪೆಟ್ಟಿಗೆ ತುಂಬಿಸ್ತಾ ಕಾಯ್ತಿದಾಳೆ ಅನ್ನೋ ಥರದ ಜಾಹೀರಾತು, ಸಿನಿಮಾ ತಾರೆ ಶರ್ಲಿ ಟೆಂಪಲ್ಲನ್ನೂ ಅದಕ್ಕೆ ಹಾಕ್ಕೊಂಡಿದ್ರು. ಹಂಗಾಗಿ ನಿಮ್ಮ ಮಗಳು ನೆಟ್ಟಲ್ಲಿ ಓದಿದ್ದು ಸುಳ್ಳಲ್ಲ, ಆದ್ರೆ ಅದು ಪೆಟ್ಟಿಗೆಯ ಉದ್ದ ಕಥೇಲಿ ಕೊನೇ ಕೆಲವು ಪುಟ. ಅವಳಿಗೆ ಮದುವೆ ಪೆಟ್ಟಿಗೆ ಅಂತ ಕೊಡಬೇಡಿ, ನಿಂದೇ ಪೆಟ್ಟಿಗೆ, ಏನು ಬೇಕೋ ಇಟ್ಕೋ ಅಂತ ಕೊಡಿ.

ಅಮ್ಮನೋರಿಗೆ ಹೀಗೆ ಹೇಳಿ. 1961ರಲ್ಲಿ ಯಾರೋ ಆ ಅಜ್ಜಿಗೆ ಅಂತಾನೋ ಅಥವಾ ಆ ಅಜ್ಜಿ ತಾನೇ ದುಡಿದೋ ತಗೊಂಡ ಪೆಟ್ಟಿಗೆ ಇದು, ಕೊನೇವರೆಗೂ ಮನೇಲೇ ಇಟ್ಕೊಂಡಿದ್ರು ಅಂದ್ರೆ ಪ್ರೀತಿ ಇತ್ತು ಅಂತ ಅರ್ಥ. ತೀರಿಹೋದ ಅಜ್ಜಿ ಕಿವಿ ಓಲೆ ನಾವು ಹಾಕ್ಕೊಳ್ಳಲ್ವಾ, ಅವರ ಹಿತ್ತಾಳೆ ಪಾತ್ರೇಲಿ ಪಾಯಸ ಮಾಡಲ್ವಾ. ಮನಸ್ಸಿಗೆ ಸಮಾಧಾನ ಆಗೋದಾದ್ರೆ ಅರಿಶಿನ ಕುಂಕುಮ ಇಟ್ಟು ಒಳಗೆ ತಗೊಳ್ಳಿ, ಆದ್ರೆ ಕುಂಕುಮ ಒಳಗಿನ ಹಸಿ ಮರಕ್ಕೆ ಹಚ್ಚಬೇಡಿ, ಅದು ಕುಡಿದುಬಿಡತ್ತೆ, ಹೊರಗಡೆ ಒಂದು ಎಲೆ ಮೇಲೆ ಇಡಿ.

ಇನ್ನು ಸೀಡರ್ ವಾಸನೆ, ಹುಳ. ಮೊದಲು ಹೆಸರಿನ ವಿಚಾರ, ಇದು ನಿಜವಾಗಿ ಸೀಡರ್ರೇ ಅಲ್ಲ. ಈಸ್ಟರ್ನ್ ರೆಡ್ ಸೀಡರ್ ಅಂತ ಕರೆಯೋ ಈ ಮರ ಜ್ಯೂನಿಪರ್ ಜಾತಿಯದ್ದು, ಜ್ಯೂನಿಪರಸ್ ವರ್ಜೀನಿಯಾನ. ಹಿಂದೆ ಪೆನ್ಸಿಲ್ ಮಾಡ್ತಿದ್ದಿದ್ದು ಇದರಲ್ಲೇ, ಪೆನ್ಸಿಲ್ ಮೆಂಡ್ ಮಾಡಿದಾಗ ಬರ್ತಿದ್ದ ವಾಸನೆ ನೆನಪಾಗತ್ತಾ, ಅದೇ ಇದು. ಇದರ ಎಣ್ಣೆ ಬಟ್ಟೆ ತಿನ್ನೋ ಮಾತ್ ಹುಳದ ಆಗ ತಾನೇ ಮೊಟ್ಟೆ ಒಡೆದ ಎಳೇ ಮರಿಗೆ ವಿಷ ಆಗಬಹುದು, ಅದೂ ಮರ ಹೊಸದಾಗಿದ್ದು ವಾಸನೆ ಗಾಢವಾಗಿದ್ದಾಗ. ದೊಡ್ಡ ಮರಿ, ಮೊಟ್ಟೆ, ಹಾರೋ ಚಿಟ್ಟೆ ಇವಕ್ಕೆ ಏನೂ ಆಗಲ್ಲ. ಎಣ್ಣೆ ವರ್ಷ ವರ್ಷ ಆರ್ತಾ ಹೋಗತ್ತೆ, ಅರವತ್ತು ವರ್ಷದ ಪೆಟ್ಟಿಗೇಲಿ ನಿಮ್ಮ ಮೂಗಿಗೆ ಘಮ್ ಅನ್ನೋ ಅಷ್ಟು ಉಳಿದಿರಬಹುದು, ಹುಳ ಸಾಯೋ ಅಷ್ಟು ಇರಲ್ಲ. ಹಾಗಾದ್ರೆ ಸೀಡರ್ ಪೆಟ್ಟಿಗೇಲಿ ಬಟ್ಟೆ ಚೆನ್ನಾಗೇ ಇರ್ತಿತ್ತಲ್ಲ ಅಂದ್ರೆ, ಬಿಗಿ ಮುಚ್ಚಳ ಮತ್ತೆ ಒಗೆದು ಇಟ್ಟ ಬಟ್ಟೆ, ಹೆಚ್ಚಿನ ಪುಣ್ಯ ಇವೆರಡರದ್ದು. ಹುಳಕ್ಕೆ ಮೊದಲು ಬೇಕಾಗೋದು ಉಣ್ಣೆ, ರೇಷ್ಮೇನೂ ಬಿಡಲ್ಲ, ಅದರಲ್ಲೂ ಬೆವರು ಇಳಿದಿರೋ ಕಂಕುಳ ಕಡೆ, ಊಟದಲ್ಲಿ ತುಪ್ಪ ಸಾರು ಬಿದ್ದ ಸೆರಗು. ಗಂಜಿ ಹಾಕಿದ ಕಾಟನ್ ಸೀರೆ ಇಟ್ರೆ ಸಿಲ್ವರ್‌ಫಿಶ್ ಹುಳಕ್ಕೆ ಹಬ್ಬ. ಹಂಗಾಗಿ ಮದುವೆಗೆ ಉಟ್ಟು ಬಂದ ಸೀರೇನ ಹಂಗೇ ಮಡಚಿ ಪೆಟ್ಟಿಗೆಗೆ ತುರುಕೋದು ಬೇಡ, ಒಂದು ದಿನ ನೆರಳಲ್ಲಿ ಹರವಿ, ಕಲೆ ಇದ್ರೆ ಡ್ರೈಕ್ಲೀನ್ ಮಾಡಿಸಿ ಆಮೇಲೆ ಇಡಿ.

ಸೀರೆ ಇಡಬಹುದಾ ಅಂದ್ರೆ, ಇಡಬಹುದು, ಆದ್ರೆ ಮರಕ್ಕೆ ಸೀರೆ ತಾಗಬಾರದು. ಇದು ಎಲ್ಲಕ್ಕಿಂತ ಮುಖ್ಯ. ಮರ ಅಂದ್ರೇನೇ ಸಣ್ಣಗೆ ಆಮ್ಲದ ಆವಿ ಬಿಡ್ತಾನೇ ಇರತ್ತೆ, ಸೀಡರ್ ಅಂದ್ರೆ ಜೊತೆಗೆ ಎಣ್ಣೆ ಬೇರೆ. ಹತ್ತು ಹದಿನೈದು ವರ್ಷ ಹಂಗೇ ಬಿಟ್ರೆ ಮರಕ್ಕೆ ತಾಗಿದ ಮಡಿಕೆ ಉದ್ದಕ್ಕೂ ಕಂದು ಗೆರೆ ಬೀಳತ್ತೆ, ಅದು ಏನು ಮಾಡಿದ್ರೂ ಹೋಗಲ್ಲ. ಜರಿ ಬೆಳ್ಳಿದು, ಅದರ ಮೇಲೆ ಚಿನ್ನದ ನೀರು, ಅದೂ ಕಪ್ಪಾಗಬಹುದು. ರೇಷ್ಮೆ ಜೊತೆ ತಲೆತಲಾಂತರದಿಂದ ಬಾಳಿದ ಜಪಾನಿನೋರನ್ನ ನೋಡಿ, ಕಿಮೋನೋ ಇಡೋಕೆ ಅವರು ಕಿರಿ ಅನ್ನೋ ಹಗುರ ಮರದ ಪೆಟ್ಟಿಗೆ ಬಳಸ್ತಾರೆ, ಅದರಲ್ಲಿ ಸೀಡರಿನ ಥರ ಎಣ್ಣೆ ಇಲ್ಲ, ಆದ್ರೂ ಒಂದೊಂದು ಕಿಮೋನೋಗೂ ಕಾಗದ ಸುತ್ತೇ ಇಡ್ತಾರೆ. ಮಗಳು ಹುಟ್ಟಿದಾಗ ಕಿರಿ ಗಿಡ ನೆಟ್ಟು ಮದುವೆ ಹೊತ್ತಿಗೆ ಕಡಿದು ಅದೇ ಮರದಲ್ಲಿ ಅವಳಿಗೆ ಪೆಟ್ಟಿಗೆ ಮಾಡಿಸೋ ಪದ್ಧತೀನೂ ಅಲ್ಲಿತ್ತು.

ನೀವು ಮಾಡಬೇಕಾಗಿದ್ದು ಇಷ್ಟು. ಹಳೇ ಬಿಳಿ ಪಂಚೆ ಇದ್ರೆ ಅದಕ್ಕಿಂತ ಒಳ್ಳೇದಿಲ್ಲ, ಒಗೆದು ಒಗೆದು ಗಂಜಿ ಬಣ್ಣ ಎಲ್ಲ ಹೋಗಿರತ್ತೆ, ಒಂದನ್ನ ತಳಕ್ಕೂ ನಾಕು ಗೋಡೆಗೂ ಬರೋ ಹಾಗೆ ಹಾಸಿ, ಮೇಲೆ ಹೊದಿಸೋಕೆ ಇನ್ನೊಂದು. ಒಂದೊಂದು ಸೀರೆಗೂ ಬಿಳಿ ಕಾಟನ್ ಬಟ್ಟೆ ಸುತ್ತಿ. ಮದುವೆ ಸೀರೆ ಥರದ ತುಂಬ ಬೇಕಾದವಕ್ಕೆ ಆಸಿಡ್ ಇಲ್ಲದ ಟಿಶ್ಯೂ ಪೇಪರ್ ತರಿಸಿ ಮಡಿಕೆ ಒಳಗೆ ಸುರುಳಿ ಮಾಡಿ ಇಡಿ, ಮಡಿಕೆ ಚೂಪಾಗಲ್ಲ. ಅಂಗಡಿ ಕವರ್ರು, ಪ್ಲಾಸ್ಟಿಕ್ಕು, ನ್ಯೂಸ್ ಪೇಪರ್ ಬೇಡ. ಮೂರು ನಾಕು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಾಯಿಸಿ, ಜರಿ ಒಂದೇ ಕಡೆ ಮುರಿದು ಮುರಿದು ಸೀಳೋದು ತಪ್ಪತ್ತೆ. ಭಾರದ ಸೀರೆ ಕೆಳಗೆ, ಹಗುರದ್ದು ಮೇಲೆ. ಲಾವಂಚದ ಬೇರು ಬಟ್ಟೆ ಚೀಲದಲ್ಲಿ ಕಟ್ಟಿ ಮೂಲೇಲಿ ಇಡಬಹುದು, ವಾಸನೆಗೆ ಚೆನ್ನ, ಹುಳ ಓಡಿಸತ್ತೆ ಅಂತ ಮಾತ್ರ ನಂಬ್ಕೊಂಡು ಕೂರಬೇಡಿ. ನುಸಿಗುಳಿಗೆ ಬೇಡವೇ ಬೇಡ, ಅದರ ಹೊಗೆ ಮಕ್ಕಳಿರೋ ಮನೆಗೆ ಒಳ್ಳೇದಲ್ಲ, ಸೀರೆಗೆ ಹಿಡಿದ ವಾಸನೆ ವರ್ಷಾನುಗಟ್ಟಲೆ ಹೋಗಲ್ಲ. ಉಣ್ಣೆ ಶಾಲು ಇದ್ರೆ ಅದನ್ನ ಸೀರೆ ಜೊತೆ ಇಡಬೇಡಿ, ಅದರಲ್ಲಿ ಹುಳದ ಅನುಮಾನ ಬಂದ್ರೆ ಗಾಳಿ ಆಡದ ಹಾಗೆ ಕವರಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಲ್ಲಿ ಎರಡು ವಾರ ಇಟ್ಟು, ಹೊರಗೆ ತೆಗೆದು ಒಂದು ದಿನ ಬಿಟ್ಟು ಕವರ್ ಬಿಚ್ಚಿ.

ಒಳಗಡೆ ಮರ ಎಲ್ಲಾದ್ರೂ ಅಂಟು ಅಂಟಾಗಿ ಇದೆಯಾ ಅಂತ ಸೀರೆ ಇಡೋ ಮುಂಚೆ ಕೈಯಲ್ಲಿ ತಡವಿ. ಕೆಲವು ಸಲ ಎಣ್ಣೆ ಮೇಲೆ ಬಂದು ಮೇಣದ ಹಾಗೆ ಕೂತಿರತ್ತೆ. ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಬಟ್ಟೆ ಅದ್ದಿ, ಕಿಟಕಿ ತೆಗೆದಿಟ್ಟು, ಹತ್ತಿರ ಒಲೆ ದೀಪ ಇಲ್ಲದ ಹಾಗೆ ನೋಡ್ಕೊಂಡು ಒರೆಸಿ, ಒಂದು ವಾರ ಮುಚ್ಚಳ ತೆಗೆದೇ ಬಿಡಿ. ಮುಚ್ಚಳ ತೆಗೆದಿರೋ ಆ ವಾರ ಮಗ ಅತ್ತ ಸುಳೀದ ಹಾಗೆ ಆ ಕೋಣೆ ಬಾಗಿಲು ಹಾಕಿ. ಒಳಗಡೆ ಮಾತ್ರ ವಾರ್ನಿಶ್ ಪಾಲಿಶ್ ಯಾವುದನ್ನೂ ಹೊಡೀಬೇಡಿ, ಆ ಮುಚ್ಚಿದ ಜಾಗದಲ್ಲಿ ಅದು ಪೂರ್ತಿ ಒಣಗೋದೇ ಇಲ್ಲ, ಬಟ್ಟೆಗೆ ಅಂಟತ್ತೆ.

ಯಜಮಾನ್ರ ಮೆಷಿನ್ನು ದಯವಿಟ್ಟು ಷೆಡ್ಡಲ್ಲೇ ಇರ್ಲಿ. 1961ರ ಪೆಟ್ಟಿಗೆ ಅಂದ್ರೆ ಹೊರಮೈಗೆ ವಾಲ್‌ನಟ್ಟೋ ಇನ್ನೊಂದೋ ಒಳ್ಳೇ ಮರದ ತೆಳು ಹಾಳೆ ಅಂಟಿಸಿರೋ ಸಾಧ್ಯತೆ ಹೆಚ್ಚು, ವೆನೀರ್ ಅಂತೀವಿ, ಒಂದು ಮಿಲಿಮೀಟರೂ ದಪ್ಪ ಇರಲ್ಲ. ಮೆಷಿನ್ ಒಂದು ಕಡೆ ಎರಡು ಸೆಕೆಂಡ್ ಹೆಚ್ಚಿಗೆ ನಿಂತ್ರೆ ಹಾಳೆ ಹರಿದು ಕೆಳಗಿನ ಮರ ಬೋಳಾಗಿ ಕಾಣತ್ತೆ, ಆಮೇಲೆ ನನ್ನಂಥೋನ ಹತ್ರ ತಂದ್ರೂ ಮೊದಲಿನ ಹಾಗೆ ಮಾಡೋಕಾಗಲ್ಲ. ಮೊದಲು ಬರೀ ಕೊಳೆ ತೆಗೆದು ನೋಡಿ, ಅರ್ಧಕ್ಕರ್ಧ ಮಾಸಿರೋದು ಅರವತ್ತು ವರ್ಷದ ಕೈ ಜಿಡ್ಡು. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ಡು, ಬಟ್ಟೆ ಚೆನ್ನಾಗಿ ಹಿಂಡಿ, ಕಾಣದ ಮೂಲೇಲಿ ಮೊದಲು ಒರೆಸಿ ನೋಡಿ, ಬಣ್ಣ ಬರದಿದ್ರೆ ಪೂರ್ತಿ ಒರೆಸಿ ತಕ್ಷಣ ಒಣಗಿದ ಬಟ್ಟೇಲಿ ಒತ್ತಿ. ಮಾರನೇ ದಿನ ತೆಳ್ಳಗೆ ಪೇಸ್ಟ್ ವ್ಯಾಕ್ಸ್ ಹಚ್ಚಿ ಉಜ್ಜಿ. ಹತ್ತರಲ್ಲಿ ಎಂಟು ಪೆಟ್ಟಿಗೆಗೆ ಇಷ್ಟೇ ಸಾಕಾಗತ್ತೆ. ಇಷ್ಟಾದ್ರೂ ಪಾಲಿಶ್ ಸುಲಿದು ಹೋಗಿ ಮರ ಕಾಣ್ತಿದ್ರೆ ಮಾತ್ರ ಕೆಲಸ ಗೊತ್ತಿರೋರ ಹತ್ರ ಹೋಗಿ, ಪೆಟ್ಟಿಗೆ ಬೆಲೆಗಿಂತ ಖರ್ಚೇ ಜಾಸ್ತಿ ಬರಬಹುದು ಅಂತ ತಿಳ್ಕೊಂಡೇ ಹೋಗಿ. ಮುಂದೆ ಯಾವತ್ತಾದ್ರೂ ಬಣ್ಣ ಬಳಿದ ಹಳೇ ಪೆಟ್ಟಿಗೆ ಸಿಕ್ಕಿದ್ರೆ ಅದನ್ನಂತೂ ಉಜ್ಜಲೇಬೇಡಿ, ಅಮೆರಿಕದಲ್ಲಿ ಮನೆ ಪೇಂಟಲ್ಲಿ ಸೀಸ ನಿಲ್ಲಿಸಿದ್ದು 1978ರಲ್ಲಿ, ಅದಕ್ಕಿಂತ ಹಳೇ ಬಣ್ಣದ ಧೂಳು ಮಕ್ಕಳ ಮೆದುಳಿಗೆ ಕೆಟ್ಟದ್ದು, ಅದೂ ಅಲ್ಲದೆ ಪೆನ್ಸಿಲ್ವೇನಿಯಾದ ಹಳೇ ಪೆಟ್ಟಿಗೆಗಳ ಬೆಲೆ ಇರೋದೇ ಆ ಮೂಲ ಬಣ್ಣದಲ್ಲಿ.

ದುಡ್ಡಿನ ಲೆಕ್ಕಕ್ಕೆ 140 ಡಾಲರ್ ಸರಿಯಾದ ಬೆಲೇನೇ, ಮೋಸ ಹೋಗಿಲ್ಲ. ಇಷ್ಟೊಂದು ಮಾಡಿರೋದ್ರಿಂದ ಮುಂದೆ ಬೆಲೆ ಏರತ್ತೆ ಅನ್ನೋ ಆಸೆ ಇಟ್ಕೋಬೇಡಿ.

ಮನೇಲಿ ಎಲ್ಲಿ ಇಡೋದು ಅಂದ್ರೆ, ಬೇಸ್‌ಮೆಂಟಲ್ಲಿ ಬೇಡ, ತೇವ ಏರಿ ಬೂಷ್ಟು ಹಿಡಿಯತ್ತೆ. ಹೀಟರ್ ಗಾಳಿ ಬರೋ ಕಿಂಡಿ ಹತ್ರಾನೂ ಬೇಡ, ಓಹಾಯೋ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆ ಗಾಳಿ ಒಣಗಿ ಮರ ಅಗಲಕ್ಕೆ ಕುಗ್ಗತ್ತೆ, ಬೇಸಿಗೇಲಿ ಹಿಗ್ಗತ್ತೆ, ಈ ಎಳೆದಾಟಕ್ಕೇ ಮುಚ್ಚಳಗಳು ಸೀಳೋದು. ಒಳಗೋಡೆ ಕಡೆ, ಬಿಸಿಲು ಬೀಳದ ಜಾಗ, ಮಲಗೋ ಮನೆ ಮಂಚದ ಕಾಲ್ಗಡೆ ಆದ್ರೆ ಸರಿಯಾಗತ್ತೆ.

ಇನ್ನೊಂದೇ ಒಂದು ಕೆಲಸ ಬಾಕಿ ಇದೆ. ಆ ಅಜ್ಜಿ ಮನೆಯೋರು ಇನ್ನೂ ಊರಲ್ಲಿದ್ರೆ ಅವರ ಹೆಸರು ಕೇಳಿ, ಪೆಟ್ಟಿಗೆ ಅವರಿಗೆ ಹೇಗೆ ಬಂತು, ಒಳಗೆ ಏನಿಡ್ತಿದ್ರು ಅಂತಾನೂ ಕೇಳಿ. ಆಮೇಲೆ ಪೆಟ್ಟಿಗೇನ ನಿಧಾನಕ್ಕೆ ಮಗ್ಗುಲಾಗಿ ಮಲಗಿಸಿ, ತಳದಲ್ಲಿ ಆ 166150 ಇದೆಯಲ್ಲ, ಅದರ ಪಕ್ಕದಲ್ಲಿ ಅಜ್ಜಿ ಹೆಸರು, ನೀವು ತಂದ ವರ್ಷ, ನಿಮ್ಮ ಹೆಸರು ಬರೀರಿ, ಕೆಳಗೆ ಮಗಳು ತನ್ನ ಕೈಯಲ್ಲೇ ತನ್ನ ಹೆಸರು ಬರೀಲಿ, ಕನ್ನಡದಲ್ಲಿ ಬರೆದ್ರೆ ಇನ್ನೂ ಸಂತೋಷ. ಪೆನ್ಸಿಲ್ಲಲ್ಲೇ ಬರೀರಿ, ಪೆನ್ನು ಮಾರ್ಕರ್ ಬೇಡ, ಇಂಕು ಮರದೊಳಗೆ ಹರಡ್ಕೊಂಡು ಅಕ್ಷರ ಕೆಡತ್ತೆ.